ಎರಡನೇ ಸಿಡಿ ಬರುವ ತನಕ

ಡೊಂಬಿವಲಿ ಎಂಐಡಿಸಿ
೮ ಜುಲೈ ೨೦೦೨

ಪ್ರೀತಿಯ ಸುಬ್ಬಕ್ಕನಿಗೆ,

ಈ ಕಾಗದವನ್ನು ಇವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಮಾಜಿವಾಡಾ ನಾಕಾದ ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುವ ಗಂಡ ಇಷ್ಟು ವರ್ಷಕ್ಕೆ ಒಂದು ಉಪಯೋಗಕ್ಕೆ ಬಿದ್ದರು. ನಿಮ್ಮ ಬಿಲ್ಡಿಂಗ್ ಅಲ್ಲೇ ಹಿಂದೆ ಅಲ್ವಾ, ಊಟದ ಹೊತ್ತಿಗೆ ಕೊಟ್ಟು ಬನ್ನಿ ಅಂದಿದ್ದೇನೆ.

ನನ್ನ ಕಥೆ ನಿಮಗೆ ಗೊತ್ತಾಗಿರಬೇಕು. ಕಳೆದ ತಿಂಗಳ ಆ ಜೋರು ಮಳೆಯ ದಿನ ಸ್ಟೇಷನ್ ಬ್ರಿಜ್ಜಿನ ಮೆಟ್ಟಿಲಲ್ಲಿ ಜಾರಿದೆ. ಕೈಯಲ್ಲಿದ್ದ ತೊಂಡೆಕಾಯಿ ಒಂದೊಂದೂ ಒಂದೊಂದು ಪ್ಲಾಟ್‌ಫಾರ್ಮಿಗೆ ಹೋಯಿತು, ನಾನು ಮಾತ್ರ ಅಲ್ಲೇ ಬಿದ್ದಿದ್ದೆ. ತೊಡೆಯ ಮೂಳೆ ಮುರಿದು ಒಳಗೆ ರಾಡು ಹಾಕಿದ್ದಾರೆ. ಮೂರು ತಿಂಗಳು ಕಾಲು ನೆಲಕ್ಕೆ ತಾಗಬಾರದಂತೆ. ಫೋನೂ ಸತ್ತಿದೆ. ರಸ್ತೆ ಅಗೆದವರು ಕೇಬಲ್ ತುಂಡು ಮಾಡಿ ಹೋದರು, ಮಳೆ ಮುಗಿಯುವ ತನಕ ಯಾರೂ ತಲೆ ಹಾಕುವುದಿಲ್ಲ. ಇವರು ಹಾಲ್‌ನಿಂದ ಟಿ.ವಿ.ಯನ್ನು ನನ್ನ ಮಂಚದ ಎದುರಿಗೆ ತಂದಿಟ್ಟು, ಒಂದು ಸಿಡಿ ಪ್ಲೇಯರನ್ನೂ ತಂದಿದ್ದಾರೆ. ಮಧ್ಯಾಹ್ನವಿಡೀ ಅತ್ತೆ ಸೊಸೆ ಜಗಳದ ಧಾರಾವಾಹಿ ನೋಡಿ ತಲೆ ಚಿಟ್ಟು ಹಿಡಿದಿದೆ ಮಾರಾಯ್ರೆ. ನೀವು ಎದುರುಮನೆಯಲ್ಲಿದ್ದಾಗ ಭಾನುವಾರ ಲೈಟು ಆರಿಸಿ ಕೂತು ನೋಡುತ್ತಿದ್ದೆವಲ್ಲ, ಕೊಲೆಗಾರ ಯಾರು ಅಂತ ಕೊನೆಯವರೆಗೆ ಗೊತ್ತಾಗದ ಹಾಗಿನದ್ದು, ಅಂಥದ್ದು ಕಳಿಸಿ. ಅತ್ತೆಯವರನ್ನು ನೋಡಿಕೊಳ್ಳುತ್ತಾ ನೀವೂ ಮನೆಯಲ್ಲೇ ಕಟ್ಟುಬಿದ್ದವರು, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಇನ್ನೊಂದು ಮಾತು. ಅದಕ್ಕಾಗಿಯೇ ಬರೆಯುತ್ತಿದ್ದೇನೆ ಅಂತ ಬೇಕಾದರೂ ತಿಳಿಯಿರಿ. ಅಮ್ಮ ಕಾರ್ಕಳದಲ್ಲಿ ತಮ್ಮ ಶಂಭುವಿನ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಉಬ್ಬಸ ಬೇರೆ. ಏಪ್ರಿಲಿನಲ್ಲಿ ಹೊರಡುವಾಗ ಆಟಿ ತಿಂಗಳಿಗೆ, ಅದೇ ನಿಮ್ಮ ಆಷಾಢಕ್ಕೆ, ಖಂಡಿತ ಬರ್ತೇನೆ ಎಂದು ಕೈಮೇಲೆ ಕೈಯಿಟ್ಟು ಹೇಳಿ ಬಂದಿದ್ದೆ. ನಮ್ಮ ಫೋನು ಹೋಗದಿದ್ದರೆ ಅವರು ನಿಮ್ಮ ನಂಬರಿಗೆ ಮಾಡುತ್ತಾರೆ, ಹಿಂದಿನಿಂದಲೂ ಬರೆದಿಟ್ಟುಕೊಂಡಿದ್ದಾರೆ. ಮಾಡಿದರೆ ನನ್ನ ಕಾಲಿನ ವಿಷಯ ಹೇಳಿ. ಹೆದರಿಸಬೇಡಿ, ಆದರೆ ಹೇಳಿ. ಮಗಳು ಮಾತು ತಪ್ಪಿದಳು ಅಂತ ಅವರಿಗೆ ಅನಿಸಬಾರದು.

ನಿಮ್ಮ
ಪುಷ್ಪಾ


ಮಾಜಿವಾಡಾ, ಠಾಣೆ
೧೭ ಜುಲೈ ೨೦೦೨

ಚಿ. ಸೌ. ಪುಷ್ಪಾಳಿಗೆ ಆಶೀರ್ವಾದಗಳು.

ತೊಂಡೆಕಾಯಿ ವಿಷಯ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ ಕಣೇ. ನಮ್ಮನೆಯವರಿಗೂ ಓದಿ ಹೇಳಿದೆ. ನಾಗರಾಜರು ಜೋರಾಗಿ ನಕ್ಕಿದ್ದಕ್ಕೆ ಒಳಗಿಂದ ಅತ್ತೆ ಎದ್ದುಬಿಟ್ಟರು. ಆಮೇಲೆ ಅವರನ್ನು ಸಮಾಧಾನ ಮಾಡೋದು ನನ್ನ ಪಾಲಿಗೆ.

ನಮ್ಮ ಬಿಲ್ಡಿಂಗ್ ಕೆಳಗೆ ಮುರಾರಿ ಅಂತ ಒಬ್ಬ ಸಿಡಿ ಲೈಬ್ರರಿ ಇಟ್ಟಿದ್ದಾನೆ. ಅವನನ್ನು ಕೂಡಿಸಿಕೊಂಡು ಆರಿಸಿದ್ದು. ಒಂದು ಸಿನಿಮಾಕ್ಕೆ ಎರಡು ಸಿಡಿ ಇರುತ್ತೆ. ನಾನು ಮೊದಲನೆಯದು ಮಾತ್ರ ಕಳಿಸ್ತೀನಿ. ನೋಡು, ಕಾಫಿ ಕುಡಿ, ಯೋಚಿಸು, ಯಾರು ಮಾಡಿದ್ದು ಅಂತ ನಿನ್ನ ಊಹೆ ಬರೆದು ಕಳಿಸು. ಆಮೇಲೆ ಎರಡನೆಯದು. ಮಧ್ಯೆ ನಿನ್ನ ಯಜಮಾನ ಮೋಹನದಾಸರ ಹತ್ತಿರ ಎಷ್ಟು ಗೋಗರೆದರೂ ಇಲ್ಲ, ಅವರಿಗೂ ಹೇಳಿದ್ದೀನಿ.

ಈ ಸಲದ್ದು ಮದುವೆಯ ವಿಡಿಯೋ ತೆಗೆಯುವವನ ಕಥೆ. ಬೇರೆ ಬೇರೆ ಊರಿನ ಮೂರು ಮದುವೆಯಲ್ಲೂ ಒಬ್ಬನೇ ಅಪರಿಚಿತ ಊಟದ ಪಂಕ್ತಿಯಲ್ಲಿ ಕೂತಿರುತ್ತಾನೆ. ಇಷ್ಟೇ ಹೇಳೋದು.

ನಿಮ್ಮಮ್ಮನ ಫೋನು ಇನ್ನೂ ಬಂದಿಲ್ಲ. ಬಂದರೆ ಹೇಳ್ತೀನಿ, ಚಿಂತೆ ಮಾಡಬೇಡ.

ಇಂತು
ಸುಬ್ಬಕ್ಕ


ಡೊಂಬಿವಲಿ
೪ ಆಗಸ್ಟ್ ೨೦೦೨

ಪ್ರೀತಿಯ ಸುಬ್ಬಕ್ಕ,

ನೀವು ಮನುಷ್ಯರೇ ಅಲ್ಲ. ಎರಡನೇ ಸಿಡಿಗೆ ಐದು ದಿನ ಕಾಯಿಸಿದಿರಿ. ನನ್ನ ಊಹೆ ಸರಿ ಇತ್ತು ಎಂದು ಒಪ್ಪಿಕೊಳ್ಳಲು ನಿಮಗೆ ಅಷ್ಟು ಕಷ್ಟವಾ? ಊಟದ ಪಂಕ್ತಿಯವನು ಎಡಗೈಯಲ್ಲಿ ನೀರಿನ ಲೋಟ ಹಿಡಿದಾಗಲೇ ನನಗೆ ಗೊತ್ತಾಗಿತ್ತು, ಇವನು ಕಳ್ಳನಲ್ಲ, ಕಳ್ಳನನ್ನು ಹುಡುಕಲಿಕ್ಕೆ ಬಂದವನು ಅಂತ. ಅಕ್ಷಿತ್ ಪಕ್ಕದಲ್ಲಿ ಕೂತಿದ್ದ. ನಿಮಗೆ ಗೊತ್ತಲ್ಲ, ನಾನು ಕನ್ನಡದಲ್ಲಿ ಕೇಳಿದರೆ ಅವನ ಉತ್ತರ ಹಿಂದಿಯಲ್ಲೇ. "ಮಮ್ಮಿ, ಆಪ್ ತೋ ಸಿಐಡಿ ಮೇ ಭರ್ತಿ ಹೋ ಜಾವೋ" ಅಂದ, ನಾನು ಸಿಐಡಿಗೆ ಸೇರಬೇಕಂತೆ. ಕಾಲು ಸರಿಯಾಗಲಿ, ಮೊದಲು ನಿನ್ನ ಅಪ್ಪನ ಹೋಟೆಲಿನಲ್ಲಿ ಸಕ್ಕರೆ ಎಲ್ಲಿ ಹೋಗುತ್ತದೆ ಅಂತ ಹಿಡಿಯುತ್ತೇನೆ ಎಂದೆ.

ಈಗ ತಮಾಷೆ ಬಿಟ್ಟು ಹೇಳುತ್ತೇನೆ. ಶಂಭು ಇವರ ಹೋಟೆಲಿಗೆ ಫೋನ್ ಮಾಡಿದ್ದನಂತೆ. ಅಮ್ಮನಿಗೆ ಉಬ್ಬಸ ಹೆಚ್ಚಾಗಿದೆ, ಕಾಲಿಗೆ ನೀರು ಬಂದಿದೆ. ಇವರು ಅದನ್ನು ಚಪ್ಪಲಿ ಬಿಚ್ಚುತ್ತಾ ಹೇಳಿ, ಕೂಡಲೇ ಸ್ನಾನಕ್ಕೆ ಹೋದರು. ನನಗೆ ಆ ಹೋದ ರೀತಿ ಸರಿ ಕಾಣಲಿಲ್ಲ. ಹೊರಗೆ ಬಂದ ಮೇಲೆ ಹೇಳಿದೆ, ಅಮ್ಮ ಬಾ ಎಂದರೆ ನಾನು ಸ್ಟ್ರೆಚರಿನಲ್ಲಾದರೂ ಹೋಗುತ್ತೇನೆ, ಠಾಣೆಯಲ್ಲಿ ಎತ್ತಿ ಕೊಂಕಣ ರೈಲಿನಲ್ಲಿ ಹಾಕಿ, ಉಡುಪಿಯಲ್ಲಿ ಶಂಭು ಇಳಿಸಿಕೊಳ್ಳಲಿ. ಡಾಕ್ಟರು ರಾಡು ಸರಿದರೆ ಮತ್ತೆ ಆಪರೇಷನ್ ಅನ್ನುತ್ತಾರಂತೆ. ಆಗಲಿ. ಕಾಲು ಇನ್ನೊಮ್ಮೆ ಮಾಡಿಸಬಹುದು.

ಹಾಗಾಗಿ ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೆ. ಅಮ್ಮ ನಿಮಗೆ ಫೋನ್ ಮಾಡಿದರೆ ಏನು ಹೇಳಿದರೋ ಅದನ್ನು ಅಕ್ಷರ ಬಿಡದೆ ಬರೆಯಿರಿ. ಇವರನ್ನು ನಾನು ನಂಬುವುದಿಲ್ಲ, ನನ್ನ ಒಳ್ಳೆಯದಕ್ಕೆ ಅಂತ ಏನು ಬೇಕಾದರೂ ಹೇಳುವ ಜಾತಿ. ನೀವಾದರೆ ಹಾಗಲ್ಲ.

ನಿಮ್ಮ
ಪುಷ್ಪಾ


ಮಾಜಿವಾಡಾ
೧೬ ಆಗಸ್ಟ್ ೨೦೦೨

ಪುಷ್ಪಾ,

ಮೊದಲು ನೀನು ಕಾಯುತ್ತಿರುವ ಸಮಾಚಾರ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದರು. ದನಿ ಸ್ವಲ್ಪ ಸಣ್ಣದಾಗಿತ್ತು, ಆದರೆ ಮಾತು ಗಟ್ಟಿಯಾಗೇ ಇತ್ತು. ನಿನ್ನ ಕಾಲಿನ ವಿಷಯ ಹೇಳಿದೆ. ಅವರು ಹೇಳಿದ್ದನ್ನು ನೀನು ಹೇಳಿದ ಹಾಗೆ ಅಕ್ಷರ ಬಿಡದೆ ಬರೀತಿದ್ದೀನಿ: "ಕಾಲು ನೆಟ್ಟಗೆ ಮಾಡಿಕೊಳ್ಳಲಿ ಅವಳು. ಕುಂಟಿಕೊಂಡು ಬಂದರೆ ಅದನ್ನು ನಾನು ನೋಡಬೇಕಾ? ಅವಸರ ಮಾಡುವುದು ಬೇಡ, ದೀಪಾವಳಿಗೆ ಬರಲಿ. ನನಗೆ ಎಲ್ಲಿಗೆ ಹೋಗ್ಲಿಕ್ಕುಂಟು?"

ಹಾಗಾಗಿ ಸ್ಟ್ರೆಚರಿನ ಮಾತು ಬಿಡು, ಹಾಯಾಗಿ ಮಲಗು.

ಮುರಾರಿ ಒಂದು ಹೊಸದು ತಂದಿದ್ದಾನೆ. ಚಹಾ ತೋಟದ ಬಂಗಲೆ, ಬೀಗ ಹಾಕಿದ ಕೋಣೆಯೊಳಗಿಂದ ದಿನಾ ಸಂಜೆ ಗಂಟೆ ಬಾರಿಸುವ ಸದ್ದು. ನಾನು ಅತ್ತೆಗೆ ಗಂಜಿ ಕುಡಿಸುತ್ತಾ ನೋಡಿದೆ. ಗಂಜಿ ಅವರ ಬಾಯಿಗೆ ಹೋಯಿತೋ ಕಿವಿಗೆ ಹೋಯಿತೋ ದೇವರೇ ಬಲ್ಲ. ಮೊದಲನೇ ಸಿಡಿ ಇದರ ಜೊತೆ ಇದೆ.

ಇಂತು
ಸುಬ್ಬಕ್ಕ


ಡೊಂಬಿವಲಿ
೨೫ ಆಗಸ್ಟ್ ೨೦೦೨

ಸುಬ್ಬಕ್ಕ,

ನಿಮ್ಮ ಕಾಗದ ಓದಿ ನಾನು ಅತ್ತುಬಿಟ್ಟೆ. ಕೆಲಸದ ಚಂದ್ರಬಾಯಿ ಪಾತ್ರೆ ಬಿಟ್ಟು ಓಡಿ ಬಂದಳು, ಕಾಲು ನೋಯುತ್ತದೆ ಎಂದು ತಿಳಿದು. "ನನಗೆ ಎಲ್ಲಿಗೆ ಹೋಗ್ಲಿಕ್ಕುಂಟು." ಅಮ್ಮನ ಬಾಯೇ ಅದು. ಬೈಯುವ ಹಾಗೆ ಬೈದು ಕೊನೆಗೆ ಒಂದು ತಮಾಷೆ. ಓದುವಾಗ ದನಿಯೇ ಕೇಳಿದ ಹಾಗಾಯಿತು. ನಿಮ್ಮ ಉಪಕಾರ ನಾನು ಮರೆಯುವುದಿಲ್ಲ.

ಅವತ್ತಿನಿಂದ ಸರಿಯಾಗಿ ನಿದ್ರೆ ಬರುತ್ತಿದೆ. ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ಇವರಿಗೂ ಮುಖದಲ್ಲಿ ಗೆಲುವು ಬಂದಿದೆ, ನಿನ್ನೆ ತಾನಾಗಿಯೇ ದೊಡ್ಡ ಬಂಗುಡೆ ಮೀನು ತಂದು ಚಂದ್ರಬಾಯಿಗೆ ಹುಳಿಮೆಣಸು ಹೇಗೆ ಮಾಡುವುದೆಂದು ಹೇಳಿಕೊಟ್ಟರು. ಅವಳು ಕೊಬ್ಬರಿ ಹಾಕಿ ಹಾಳು ಮಾಡಿದಳು, ಆದರೂ ತಿಂದೆವು.

ಗಂಟೆಯ ಸಿನಿಮಾದ ಊಹೆ: ತೋಟದ ಯಜಮಾನನ ಅಕ್ಕ ಸತ್ತಿಲ್ಲ, ಆ ಕೋಣೆಯಲ್ಲೇ ಇದ್ದಾಳೆ, ಮನೆಯ ಎಲ್ಲರಿಗೂ ಗೊತ್ತು, ಹೊಸ ಸೊಸೆಗೆ ಒಬ್ಬಳಿಗೆ ಗೊತ್ತಿಲ್ಲ. ಎರಡನೆಯದನ್ನು ನಾಳೆಯೇ ಕಳಿಸಿ.

ನಿಮ್ಮ
ಪುಷ್ಪಾ


ಮಾಜಿವಾಡಾ
೫ ಸೆಪ್ಟೆಂಬರ್ ೨೦೦೨

ಪುಷ್ಪಾ,

ಅಕ್ಷಿತ್ ಕಾಲೇಜಿನಿಂದ ಬಂದಿದ್ದಾನೆ, ಅವನ ಕೈಯಲ್ಲಿ ಕಳಿಸ್ತಿದ್ದೀನಿ. ಅವಸರದಲ್ಲಿ ಬರೀತಿರೋದು. ಗಂಟೆಯ ಸಿನಿಮಾದ ಎರಡನೇ ಸಿಡಿ ಇದೆ. ಜೊತೆಗೆ ಇನ್ನೂ ಮೂರು ಸಿನಿಮಾ, ಎಲ್ಲದರ ಎರಡೂ ಸಿಡಿ ಇಟ್ಟಿದ್ದೀನಿ. ಊಹೆ ಬರೆಯೋ ತೊಂದರೆ ತಗೋಬೇಡ, ಸುಮ್ಮನೆ ನೋಡು. ವೇಳೆ ಹೋಗುತ್ತೆ.

ಮೋಹನದಾಸರು ಪುಣೆಗೆ ಹೋಗಿದ್ದಾರಂತಲ್ಲ. ಹೋಟೆಲ್ ಕೆಲಸ ಅಂದಮೇಲೆ ತಪ್ಪೋದಿಲ್ಲ. ಮೈ ಕಡೆ ನೋಡಿಕೋ.

ಸುಬ್ಬಕ್ಕ


ಡೊಂಬಿವಲಿ
೧೭ ಸೆಪ್ಟೆಂಬರ್ ೨೦೦೨

ಸುಬ್ಬಲಕ್ಷ್ಮಿಯವರಿಗೆ,

ನಮ್ಮ ಬಿಲ್ಡಿಂಗಿನ ಮರಾಠಿಯವರ ಗೌರಿ ಹಬ್ಬ ನಿಮಗೆ ನೆನಪಿರಬೇಕು. ಪ್ರತಿ ವರ್ಷ ನಾಲ್ಕು ಮನೆಯಲ್ಲಿ ಗೌರಿ ಕೂರಿಸುತ್ತಾರೆ. ಸಂಜೆ ಹಳದಿ ಕುಂಕುಮಕ್ಕೆ ಅವರು ಕರೆಯದೆ ಬಿಡುವ ಹೆಂಗಸಿಲ್ಲ. ನೀವು ಬಾಣಂತಿಯಾಗಿದ್ದ ವರ್ಷ ಪಕ್ಕದ ಮನೆ ವಹಿನಿ ಮಂಚದ ತನಕ ತಟ್ಟೆ ತಂದು ಹಚ್ಚಿದ್ದರು, ನಾನು ಪಕ್ಕದಲ್ಲೇ ನಿಂತಿದ್ದೆ.

ಈ ವರ್ಷ ನಮ್ಮಲ್ಲಿ ಗಣಪತಿ ಬೇಡ ಎಂದರು ಇವರು, ನೀನು ಮಲಗಿರುವಾಗ ಯಾರು ಮಾಡುವುದು ಎಂದು. ಸರಿ ಎಂದೆ. ಮತ್ತೆ ಪುಣೆಗೆ ಹೊರಟರು. ಆಯಿತು ಎಂದೆ. ಹತ್ತು ಹನ್ನೆರಡು ದಿನದಿಂದ ಮನೆಗೆ ಮೀನು ಬಂದಿಲ್ಲ, ದರ ಜಾಸ್ತಿ ಎಂದರು. ದೇವರ ಮುಂದೆ ದೀಪ ಹಚ್ಚು ಎಂದರೆ ಅಕ್ಷಿತ್ ಎಣ್ಣೆ ಇಲ್ಲ ಅನ್ನುತ್ತಾನೆ. ಎಲ್ಲವನ್ನೂ ನಂಬಿದೆ, ಏಕೆಂದರೆ ನನ್ನ ತಲೆ ಪೂರಾ ನೀವು ಕಳಿಸಿದ ಸಿಡಿಯಲ್ಲಿತ್ತು.

ಶನಿವಾರ ಸಂಜೆ ಮಂಚದ ಮೇಲೆ ಒಳ್ಳೆ ಸೀರೆ ಹೊದ್ದುಕೊಂಡು ಕೂತೆ. ಯಾರಾದರೂ ತಟ್ಟೆ ಹಿಡಿದು ಬರುತ್ತಾರೆ, ಮಲಗಿದ ಬಟ್ಟೆಯಲ್ಲಿ ಇರಬಾರದು ಎಂದು. ಬಾಗಿಲ ಹೊರಗೆ ಗೆಜ್ಜೆ, ಬಳೆ, ನಗು ಎಲ್ಲ ಕೇಳುತ್ತಿತ್ತು. ಮೇಲೆ ಹೋದರು, ಕೆಳಗೆ ಹೋದರು. ನಮ್ಮ ಬಾಗಿಲ ಮುಂದೆ ಬಂದಾಗ ಮಾತು ನಿಲ್ಲುತ್ತಿತ್ತು, ದಾಟಿದ ಮೇಲೆ ಮತ್ತೆ ಶುರು. ಪಕ್ಕದ ಮನೆ ವಹಿನಿಯ ಮಗಳು ತಟ್ಟೆಯಲ್ಲಿ ಏನೋ ತಂದಳು, ಅವಳ ತಾಯಿ ಗದರಿಸಿ ಒಳಗೆ ಕರೆದರು. ನಾನು ಏನು ತಪ್ಪು ಮಾಡಿದೆ ಎಂದು ಕೂತು ಯೋಚಿಸಿದೆ. ಮನಸ್ಸಿಗೆ ಬಹಳ ನೋವಾಯಿತು.

ಚಂದ್ರಬಾಯಿ ಬಂದಾಗ ಕೇಳಿದೆ, ಯಾರೂ ಯಾಕೆ ಬರಲಿಲ್ಲ ಅಂತ. ಅವಳು ಪೊರಕೆ ಹಿಡಿದುಕೊಂಡು ಸಹಜವಾಗಿ ಹೇಳಿದಳು: "ತಾಈ, ಸುತಕ್ ಆಹೇ ನಾ ತುಮಚ್ಯಾ ಘರಾತ್. ಕಶಾ ಯೇಣಾರ್ ತ್ಯಾ?"

ಸೂತಕದ ಮನೆಗೆ ಅವರು ಹೇಗೆ ಬರುವುದು ಎಂದು ಅವಳ ಪ್ರಶ್ನೆ. ಯಾರ ಸೂತಕ ಎಂದು ಕೇಳಿದೆ. ಅವಳು ಪೊರಕೆ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. "ತುಮಚಿ ಆಈ."

ಅಮ್ಮ ಎರಡನೇ ತಾರೀಕಿಗೇ ಹೋಗಿದ್ದರು. ಶನಿವಾರ ಹದಿಮೂರನೇ ದಿನ. ಇವರು ಪುಣೆಯಲ್ಲಿರಲಿಲ್ಲ, ಕಾರ್ಕಳದಲ್ಲಿ ಉತ್ತರಕ್ರಿಯೆಯ ಊಟಕ್ಕೆ ಕೂತಿದ್ದರು. ನಿಮ್ಮ ಗೋತ್ರದ ಹಾಗೆ ನಮ್ಮಲ್ಲಿ ಬಳಿ, ಅದು ನಡೆಯುವುದು ತಾಯಿಯಿಂದ. ಅಮ್ಮ ಹೋದರೆ ಸೂತಕ ನನಗೆ, ನನ್ನ ಮಗನಿಗೆ. ಅಳಿಯನಿಗಿಲ್ಲ. ಬೇರೆಯವರ ಗೌರಿಗೆ ಮೈಲಿಗೆಯಾಗಬಾರದೆಂದು ಈ ಮನುಷ್ಯ ಒಂದೊಂದು ಬಾಗಿಲು ತಟ್ಟಿ ಇಡೀ ಬಿಲ್ಡಿಂಗಿಗೆ ಹೇಳಿ ಹೋಗಿದ್ದಾರೆ. ಪಾತ್ರೆ ತೊಳೆಯುವವಳಿಗೆ ಗೊತ್ತು. ಹಾಲಿನವನಿಗೆ ಗೊತ್ತು. ಸೂತಕ ಯಾರದೋ ಅವಳೊಬ್ಬಳಿಗೆ ಹೇಳಲಿಲ್ಲ. ಅಕ್ಷಿತನನ್ನು ಕೇಳಿದರೆ "ಪಪ್ಪಾ ನೇ ಮನಾ ಕಿಯಾ ಥಾ" ಎಂದು ಗೋಡೆ ಕಡೆ ತಿರುಗಿ ಅತ್ತ. ಹೇಳಬಾರದು ಎಂದು ಅಪ್ಪನ ಅಪ್ಪಣೆಯಂತೆ.

ಇವರ ಮೇಲಿನ ಸಿಟ್ಟು ಬೇರೆ. ಅದನ್ನು ಇವರ ಮುಖದ ಮೇಲೇ ಹೇಳಿದ್ದೇನೆ. ನಿಮಗೆ ಬರೆಯುವುದು ಬೇರೆ. ಐದನೇ ತಾರೀಕಿಗೆ ನೀವು ಅಷ್ಟೂ ಸಿಡಿ ಒಟ್ಟಿಗೆ ಕಳಿಸಿದಿರಿ. ಅಮ್ಮನನ್ನು ಸುಟ್ಟು ಬೂದಿ ಇನ್ನೂ ಬಿಸಿಯಿರುವಾಗ ನಾನು ಇಲ್ಲಿ ಚಕ್ಕುಲಿ ತಿನ್ನುತ್ತಾ, ತೋಟದ ಯಜಮಾನನ ಅಕ್ಕ ಯಾವ ಕೋಣೆಯಲ್ಲಿದ್ದಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಊಹೆ ಸರಿಯಾಯಿತು ಎಂದು ಚಪ್ಪಾಳೆ ತಟ್ಟಿದೆ. ಅಕ್ಷಿತ್ ಎದ್ದು ಹೊರಗೆ ಹೋದ. ಅದು ಯಾಕೆಂದು ಈಗ ಗೊತ್ತಾಗುತ್ತಿದೆ.

ನಿಮಗೆ ಗೊತ್ತಿರಲಿಲ್ಲ ಎಂದು ಒಂದು ಸಾಲು ಬರೆಯಿರಿ. ನಾನು ನಂಬುತ್ತೇನೆ.

ಪುಷ್ಪಾವತಿ


ಮಾಜಿವಾಡಾ
೨೬ ಸೆಪ್ಟೆಂಬರ್ ೨೦೦೨

ಪುಷ್ಪಾ,

ಆ ಸಾಲು ಬರೆಯೋಕೆ ನನ್ನ ಕೈಯಲ್ಲಿ ಆಗೋದಿಲ್ಲ. ನನಗೆ ಗೊತ್ತಿತ್ತು.

ಆಗಸ್ಟ್ ಮೊದಲ ವಾರ ನಿನ್ನ ಯಜಮಾನರು ನಮ್ಮನೆಗೆ ಬಂದು ಕೂತರು. ಯಾವತ್ತೂ ಒಳಗೆ ಬಾರದ ಮನುಷ್ಯ ಅಡುಗೆಮನೆ ಬಾಗಿಲಿಗೆ ಬಂದು ನಿಂತುಕೊಂಡು, "ಅಕ್ಕಾ, ಅವಳು ಸ್ಟ್ರೆಚರ್ ಮೇಲೆ ಹೋಗ್ತೇನೆ ಅಂತಾಳೆ, ಅವಳ ಹಟ ನಿಮಗೆ ಗೊತ್ತುಂಟಲ್ಲ, ಇನ್ನೊಂದು ಆಪರೇಷನ್ ಆದ್ರೆ ಅವಳು ಏಳುವುದಿಲ್ಲ ಅಂದಿದ್ದಾರೆ ಡಾಕ್ಟ್ರು, ನಿಮ್ಮ ಮಾತಾದ್ರೆ ಕೇಳ್ತಾಳೆ" ಅಂತ ಕಣ್ಣೀರು ಹಾಕಿದರು. ನಾನು ಒಪ್ಪಿಕೊಂಡೆ. ಹದಿನಾರನೇ ತಾರೀಕಿನ ಕಾಗದದಲ್ಲಿರೋ ಮಾತು ನಿಮ್ಮಮ್ಮ ಆಡಿದ್ದಲ್ಲ. ಅವರು ಹೇಗೆ ಮಾತಾಡ್ತಾರೆ ಅಂತ ನೀನು ಇಷ್ಟು ವರ್ಷ ನನಗೆ ಆಡಿ ತೋರಿಸಿದ್ದೀಯಲ್ಲ, ಅದನ್ನೇ ನೆನೆಸಿಕೊಂಡು ನಾನು ಬರೆದದ್ದು.

ಆಮೇಲೆ ಅವರು ಹೋದ ಸುದ್ದಿ ಬಂದಾಗ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಮೊದಲು ಸುಳ್ಳು ಹೇಳಿದವಳು ಈಗ ನಿಜ ಹೇಳೋದು ಹೇಗೆ? ಮನೆಯಲ್ಲಿದ್ದ ಸಿಡಿಗಳನ್ನೆಲ್ಲ ಚೀಲಕ್ಕೆ ತುಂಬಿ ಕಳಿಸಿದೆ. ನಿನ್ನನ್ನು ಬಿಟ್ಟು ಎಲ್ಲರಿಗೂ ನಿನ್ನ ಜೀವದ್ದೇ ಚಿಂತೆ ಆಗಿತ್ತು ಕಣೇ. ಬೈ, ಎಷ್ಟು ಬೇಕಾದರೂ ಬೈ. ಆದರೆ ಬರೆಯೋದು ಬಿಡಬೇಡ.

ಸುಬ್ಬಕ್ಕ


ಕಾರ್ಕಳ
೧೨ ಜನವರಿ ೨೦೦೩

ಸುಬ್ಬಲಕ್ಷ್ಮಿಯವರಿಗೆ,

ಮೂರು ತಿಂಗಳಿಗಿಂತ ಹೆಚ್ಚಾಯಿತು. ಮಧ್ಯೆ ನೀವು ಬರೆದ ಕಾಗದಗಳನ್ನು ಓದಿಲ್ಲ, ಹರಿದೂ ಹಾಕಿಲ್ಲ, ಡೊಂಬಿವಲಿಯಲ್ಲೇ ಇವೆ. ನಾನು ಕೋಲು ಹಿಡಿದು ನಡೆಯುತ್ತೇನೆ. ಕಾಲು ಚೆನ್ನಾಗಿ ಕೂಡಿದೆ ಎಂದು ಡಾಕ್ಟರಿಗೆ ಬಹಳ ಸಂತೋಷ. ಎಕ್ಸ್-ರೇ ಎತ್ತಿ ಹಿಡಿದು ಇವರಿಗೂ ತೋರಿಸಿದರು. ಇವರು ನನ್ನ ಮುಖ ನೋಡಿದರು, ನಾನು ನೋಡಲಿಲ್ಲ.

ಇಲ್ಲಿಗೆ ಬಂದು ಇಪ್ಪತ್ತು ದಿನವಾಯಿತು. ಶಂಭುವಿನ ಅಂಗಡಿಯ ಮೇಲೆಯೇ ಮನೆ. ಅಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಈಗ ಅವನ ಮಕ್ಕಳು ಓದಿಕೊಳ್ಳುತ್ತಾರೆ. ನನಗೆ ಅಲ್ಲೇ ಚಾಪೆ ಹಾಕಿ ಕೊಟ್ಟಿದ್ದಾರೆ.

ಇಲ್ಲಿ ಬಂದ ಮೇಲೆ ಗೊತ್ತಾದದ್ದನ್ನು ನಿಮಗೆ ಹೇಳಬೇಕು. ನಾನು ಬಿದ್ದ ಸುದ್ದಿಯನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಇವರೂ ಶಂಭುವೂ ಫೋನಿನಲ್ಲೇ ನಿಶ್ಚಯ ಮಾಡಿಕೊಂಡರಂತೆ, ಮುದುಕಿಗೆ ಎದೆಯೊಡೆಯುತ್ತದೆ, ಬೇಡ ಎಂದು. ಅಲ್ಲಿ ನನಗೆ ಅಮ್ಮನ ವಿಷಯ ಹೇಳುವುದಿಲ್ಲ, ಇಲ್ಲಿ ಅಮ್ಮನಿಗೆ ನನ್ನ ವಿಷಯ ಹೇಳುವುದಿಲ್ಲ. ಎಷ್ಟು ಒಳ್ಳೆಯ ಜನ. ಆಟಿ ಮುಗಿಯುವ ತನಕ ಅಮ್ಮ ದಿನಾ ಬಸ್ಸಿನ ಹೊತ್ತಿಗೆ ಎದ್ದು ಕೂತುಕೊಳ್ಳುತ್ತಿದ್ದರಂತೆ. ಆಮೇಲೆ ಶಂಭುವಿನ ಹೆಂಡತಿಯ ಹತ್ತಿರ, "ಪುಷ್ಪನಿಗೆ ನನ್ನ ಮೇಲೆ ಎಂಥ ಕೋಪ ಮಾರಾಯ್ತಿ? ನಾನು ಏನಾದ್ರೂ ಹೇಳಿದ್ದೇನಾ?" ಎಂದು ಕೇಳಿದರಂತೆ. ಏಪ್ರಿಲಿನಲ್ಲಿ ನಾನಿದ್ದಾಗ ಯಾವ ದಿನ ಏನು ಮಾತಾಡಿದೆವು ಎಂದು ಕೂತು ನೆನಪು ಮಾಡಿಕೊಳ್ಳುತ್ತಿದ್ದರಂತೆ, ತಪ್ಪು ತನ್ನದೇ ಇರಬೇಕು ಎಂದು.

ನಿಮ್ಮ ಆ ಆಗಸ್ಟಿನ ಕಾಗದ ಬಾರದಿದ್ದರೆ ನಾನು ಹೊರಟುಬಿಡುತ್ತಿದ್ದೆ. ಇವರು ಹೇಳಿದ್ದರೆ ನಂಬುತ್ತಿರಲಿಲ್ಲ. ಅದು ಇವರಿಗೂ ಗೊತ್ತಿತ್ತು, ಅದಕ್ಕೇ ನಿಮ್ಮ ಹತ್ತಿರ ಬಂದದ್ದು.

ಶಂಭು ಹೇಳುತ್ತಾನೆ, ಆಗಸ್ಟ್ ಕೊನೆಯಲ್ಲಿ ಅಮ್ಮ ಕೆಳಗೆ ಅಂಗಡಿಗೆ ಇಳಿದು ಠಾಣೆಗೆ ಫೋನ್ ಮಾಡಿಸಿದ್ದರು ಅಂತ. ಏನು ಮಾತಾಯಿತೆಂದು ಅವನಿಗೆ ಗೊತ್ತಿಲ್ಲ. ಠಾಣೆಯಲ್ಲಿ ಅವರಿಗೆ ನಿಮ್ಮ ನಂಬರು ಬಿಟ್ಟು ಬೇರೆ ಇಲ್ಲ. ಅವತ್ತು ಅಮ್ಮ ಏನು ಕೇಳಿದರು, ನೀವು ಏನು ಹೇಳಿದಿರಿ? ನನಗೆ ಅಷ್ಟು ಬರೆದರೆ ಸಾಕು, ಬೇರೆ ಏನೂ ಬೇಡ.

ಪುಷ್ಪಾವತಿ


ಮಾಜಿವಾಡಾ
೨ ಫೆಬ್ರವರಿ ೨೦೦೩

ಪುಷ್ಪಾ,

ನಿಮ್ಮಮ್ಮ ಎರಡು ಸಲ ಫೋನ್ ಮಾಡಿದ್ದರು.

ಮೊದಲನೇ ಸಲ ಜುಲೈ ಕೊನೆಯಲ್ಲಿ, ನಾನು ನಿನಗೆ ಬರೆದ ಮೇಲೆ. "ಅವಳ ಫೋನು ಹೋಗುವುದಿಲ್ಲ, ಎಲ್ಲಿಗಾದ್ರೂ ಹೋಗಿದ್ದಾಳಾ?" ಅಂತ ಕೇಳಿದರು. ಹೇಳೋಣ ಅಂದುಕೊಂಡೆ. ಆದರೆ ಅಷ್ಟರಲ್ಲಿ ಅವರು ಕೆಮ್ಮಿದ್ದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನನಗೆ ಧೈರ್ಯ ಸಾಲಲಿಲ್ಲ. ಕೆಲಸ ಜಾಸ್ತಿ, ಬರ್ತಾಳೆ ಅಂದುಬಿಟ್ಟೆ. ನಿನಗೆ ಅದನ್ನು ಬರೆಯೋಕೆ ನಾಚಿಕೆಯಾಯಿತು.

ಎರಡನೇ ಸಲ ನೀನು ಹೇಳಿದ ಆಗಸ್ಟ್ ಕೊನೆ. ಅಂಗಡಿಯ ಆಳು ಅಂಗಾರ ನಂಬರು ಹಚ್ಚಿ ಕೊಟ್ಟ, ಮೊದಲು ಅವನೇ ಮಾತಾಡಿದ್ದು. ಆಮೇಲೆ ಅವರು. ಉಸಿರು ಎಳೆದು ಎಳೆದು ಒಂದೇ ಮಾತು ಕೇಳಿದರು, "ಸತ್ಯ ಹೇಳಿ ಅಮ್ಮಾ, ಅವಳಿಗೆ ನಾನು ಬೇಡವಾದ್ನಾ?" ಅಂತ. ಆಗ ನನ್ನ ಕೈಯಲ್ಲಿ ಆಗಲಿಲ್ಲ ಪುಷ್ಪಾ. ನಿನ್ನ ಯಜಮಾನರಿಗೆ ಕೊಟ್ಟ ಮಾತು ಮುರಿದೆ. ಬಿದ್ದಿದ್ದು, ರಾಡು ಹಾಕಿದ್ದು, ಸ್ಟ್ರೆಚರಿನಲ್ಲಿ ಬರ್ತೀನಿ ಅಂತ ಹಟ ಮಾಡಿದ್ದು, ನಾವೇ ತಡೆದಿದ್ದು, ಎಲ್ಲ ಹೇಳಿಬಿಟ್ಟೆ. ಆಮೇಲೆ "ಅಯ್ಯೋ ನನ್ನ ಮಗು. ನಾನು ಸುಮ್ಮನೆ ಏನೇನೋ ಯೋಚಿಸಿ ಅವಳನ್ನು ಬೈದುಬಿಟ್ಟೆ. ಹೇಳಬೇಡಿ ಅವಳಿಗೆ, ಬೇಸರ ಮಾಡಿಕೊಳ್ತಾಳೆ" ಅಂದರು. ಅಳುತ್ತಾ ಇದ್ದರೋ ನಗುತ್ತಾ ಇದ್ದರೋ ತಿಳಿಯಲಿಲ್ಲ. ಶಂಭುವಿಗೂ ನೀವು ಹೇಳಿದ್ದು ತಿಳಿಸಬೇಡಿ, ಬೈತಾನೆ ಅಂತಲೂ ಅಂದರು.

ಇದು ಮೋಹನದಾಸರಿಗೆ ಇವತ್ತಿಗೂ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ನಾನು ಬರೆದಾಗಲೇ ಹೇಳಬೇಕಿತ್ತು. ಆಗ ಹೇಳಿದ್ದರೆ ತಪ್ಪಿಸಿಕೊಳ್ಳೋಕೆ ಕಟ್ಟಿದ ಕಥೆ ಅನ್ನುತ್ತೀಯ ಅಂತ ಹೆದರಿದೆ. ನಾಗರಾಜರ ಮೇಲೆ ಆಣೆ ಇಟ್ಟು ಹೇಳ್ತೀನಿ, ಇದರಲ್ಲಿ ಒಂದಕ್ಷರ ನನ್ನದಲ್ಲ. ನಿಮ್ಮಮ್ಮನಿಗೆ ನಿನ್ನ ಮೇಲೆ ಕೋಪ ಇರಲಿಲ್ಲ.

ಸುಬ್ಬಕ್ಕ


ಕಾರ್ಕಳ
೧ ಮಾರ್ಚ್ ೨೦೦೩

ಸುಬ್ಬಲಕ್ಷ್ಮಿಯವರಿಗೆ,

ನಿಮ್ಮ ಕಾಗದ ಬಂತು. ಅಂಗಡಿಯ ಹಿಂದೆ ಬಟ್ಟೆ ಒಣಗಿಸುವಲ್ಲಿ ನಿಂತು ಓದಿದೆ. ಓದಿ ಮುಗಿದ ಮೇಲೆ ಕೋಲು ಎಲ್ಲಿಟ್ಟೆ ಎಂದು ನೆನಪಾಗಲಿಲ್ಲ, ಕೋಲಿಲ್ಲದೆಯೇ ಒಳಗೆ ಬಂದೆ.

ಅಂಗಾರನನ್ನು ಕೇಳಿದೆ. ಅವನು ಅಪ್ಪನ ಕಾಲದಿಂದ ಇರುವವನು, ಸುಳ್ಳು ಹೇಳುವುದಿಲ್ಲ. ನಂಬರು ಹಚ್ಚಿ ಕೊಟ್ಟದ್ದು ಹೌದು ಎಂದ. "ಅಮ್ಮ ತುಂಬಾ ಹೊತ್ತು ಮಾತಾಡಿದ್ರು ಅಕ್ಕ. ಎಂಥ ಅಂತ ನಾನು ಕೇಳ್ಲಿಲ್ಲ. ಅಕ್ಕಿ ಲಾರಿ ಬಂದಿತ್ತು, ಇಳಿಸ್ಲಿಕ್ಕೆ ಹೋದೆ" ಎಂದ. ಮೇಲೆ ಹತ್ತಿಸುವಾಗ ಮುಖ ಹೇಗಿತ್ತು ಎಂದು ಕೇಳಿದೆ. ಉಬ್ಬಸ ಜೋರಿತ್ತು, ಮುಖ ನೋಡಲಿಲ್ಲ ಎಂದ. ಶಂಭುವಿನ ಹೆಂಡತಿಯನ್ನೂ ಕೇಳಿದೆ. ಆ ಫೋನಿನ ಮರುದಿನದಿಂದ ಅಮ್ಮ ನನ್ನ ಹೆಸರೇ ಎತ್ತಲಿಲ್ಲವಂತೆ. ಬಸ್ಸಿನ ಹೊತ್ತಿಗೆ ಎದ್ದು ಕೂರುವುದನ್ನೂ ಬಿಟ್ಟರಂತೆ. ನೀವು ಹೇಳಿದ್ದು ಕೇಳಿ ಸಮಾಧಾನವಾಗಿ ಬಿಟ್ಟರೋ, ಅವತ್ತೂ ನೀವು ಕೆಲಸ ಜಾಸ್ತಿ ಎಂದು ಹೇಳಿ, ಇನ್ನು ಇವಳು ಬರುವುದಿಲ್ಲ ಎಂದು ಗೊತ್ತಾಗಿ ಬಿಟ್ಟರೋ, ಅವಳಿಗೆ ತಿಳಿಯದು. ಯಾರಿಗೂ ತಿಳಿಯದು.

ಇವರು ಕರೆದುಕೊಂಡು ಹೋಗಲು ಬಂದಿದ್ದರು. ಎರಡು ದಿನ ಅಂಗಡಿಯ ಬೆಂಚಿನ ಮೇಲೆ ಕೂತು ಹೋದರು. ಬರುತ್ತೇನೆ ಎಂದಿದ್ದೇನೆ, ಯಾವಾಗ ಎಂದು ಹೇಳಿಲ್ಲ. ಅಕ್ಷಿತನ ಪರೀಕ್ಷೆ ಇದೆ, ಹೋಗದೆ ಇರಲಾಗುವುದಿಲ್ಲ. ಇವರ ಜೊತೆ ಹೇಗಾದರೂ ಬದುಕಬಹುದು. ಇವರ ಮಾತನ್ನು ನಾನು ಮೊದಲೂ ಪೂರ್ತಿ ನಂಬುತ್ತಿರಲಿಲ್ಲ.

"ಅಯ್ಯೋ ನನ್ನ ಮಗು" ಎಂದು ಬರೆದಿದ್ದೀರಿ. ಅಮ್ಮ ಹಾಗೆಯೇ ಅನ್ನುತ್ತಿದ್ದರು. ಬೈದು, ಆಮೇಲೆ ಬೈದದ್ದು ಹೇಳಬೇಡಿ ಅನ್ನುವುದೂ ಅವರದೇ ರೀತಿ. ಓದುವಾಗ ದನಿ ಕೇಳಿಸಿತು, ಕಣ್ಣಲ್ಲಿ ನೀರು ಬಂತು. ಆಗಸ್ಟಿನಲ್ಲಿ ನೀವು ಬರೆದದ್ದು ಓದಿದಾಗಲೂ ಹೀಗೇ ಕೇಳಿಸಿತ್ತು, ಹೀಗೇ ನೀರು ಬಂದಿತ್ತು.

ನೀವು ಈ ಸಲ ಬರೆದದ್ದು ನಿಜವಿರಬಹುದು. ನಿಜವಾಗಿರಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತೇನೆ. ನಿಜವಾದರೆ ನನ್ನ ಅಮ್ಮ ನನ್ನ ಮೇಲೆ ಬೇಸರವಿಲ್ಲದೆ ಹೋದರು. ಅದಕ್ಕೆ ಈ ಲೋಕದಲ್ಲಿ ನನಗಿರುವುದು ನಿಮ್ಮೊಬ್ಬರ ಮಾತು.

ಪುಷ್ಪಾವತಿ